ಕಲ್ಲಿನ ಬಣ್ಣದ ತತ್ತಿ

ಮುದುಕಮ್ಮ ಸೊಸೆಯ ಎಡಗೈ ಹಿಡಿದೆಳೆದು ಹೊಸ್ತಿಲ ಕಲ್ಲಿಗೆ ಕುಕ್ಕಿದಳು. ಹಸಿರು ಬಳೆಗಳು ಒಂದೇ ಪೆಟ್ಟಿಗೆ ಒಡೆಯಲಿಲ್ಲ. ಮತ್ತೊಮ್ಮೆ ಕುಕ್ಕಿದಳು. ಮಣಿಕಟ್ಟಿನಿಂದ ರಕ್ತ ಇಳಿಯಿತು.

"ಮೆಲ್ಲಕ ಯಕ್ಕಾ, ಆ ಕೈ ಮೊದಲ ಮುರಿದದ್ದೈತಿ," ಎಂದಳು ನೆರೆಮನೆಯ ಬಾಷಾಬಿ.

"ಮುರಿದಾವನ ಹೋದ ಮ್ಯಾಲ ಕೈ ಇದ್ದರೇನು, ಬಿಟ್ಟರೇನು?"

ದುರ್ಗಾದೇವಿಗೆ ನೋವಾಗಲಿಲ್ಲ. ನಿನ್ನೆ ಮಧ್ಯಾಹ್ನದಿಂದ ಅವಳ ಮೈ ಅವಳದಾಗಿರಲಿಲ್ಲ. ಅಂಗಳದಲ್ಲಿ ಗಂಡ ಹುಲಿಗೆಪ್ಪನ ಹೆಣವಿತ್ತು. ತಲೆಯಿಂದ ಸೊಂಟದವರೆಗೆ ಬಟ್ಟೆ ಸುತ್ತಿಯೇ ಆಸ್ಪತ್ರೆಯವರು ಕೊಟ್ಟಿದ್ದರು. ಮುಖ ತೋರಿಸಿ ಎಂದು ಯಾರೂ ಕೇಳಲಿಲ್ಲ. ಬಂದವರೆಲ್ಲ ಬಿರಿದ ಹಿಮ್ಮಡಿಗಳನ್ನು ನೋಡಿಯೇ ಅವನೆಂದು ಗುರುತು ಹಿಡಿದು ಅತ್ತರು.

ಏಳು ವರ್ಷದ ಮಗಳು ಸುರೇಖಾ ಆ ಕಾಲುಗಳ ಬಳಿ ಕುಕ್ಕರಗಾಲಿನಲ್ಲಿ ಕುಳಿತು ಅಪ್ಪನ ಹೆಬ್ಬೆರಳು ಹಿಡಿದುಕೊಂಡಿದ್ದಳು.

"ಅವ್ವಾ, ಇಲ್ನೋಡು. ಇರುವಿ ಮಂಡಕ್ಕಿ ಹೊತ್ಕೊಂಡು ಅಪ್ಪನ್ನ ದಾಟಾಕತ್ತೈತಿ."

ಯಾರೋ ಹೆಂಗಸು, "ಹುಚ್ಚು ಹುಡುಗಿ," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

*

ತಳಕಲ್ಲು ಊರಿನಾಚೆಯ ಕಲ್ಲು ಕ್ವಾರಿಯಲ್ಲಿ ಹುಲಿಗೆಪ್ಪ ಮದ್ದು ತುಂಬುವವನು. ಇಪ್ಪತ್ತು ವರ್ಷ ಬಂಡೆ ಸಿಡಿಸಿ ಅವನ ಕಿವಿ ಮಂದವಾಗಿತ್ತು. ಮನೆಯಲ್ಲೂ ಅರಚಿಯೇ ಮಾತು. ಕುಡಿದ ದಿನ ಮಾತೂ ಇಲ್ಲ, ಬರೀ ಕೈ. ಸಾರು ಆರಿತ್ತೆಂದು ಒಮ್ಮೆ ಒಲೆಯ ಕಟ್ಟಿಗೆಯಿಂದಲೇ ದುರ್ಗಾದೇವಿಯ ಮಣಿಕಟ್ಟು ಮುರಿದಿದ್ದ. ಅದು ಸೊಟ್ಟಗೇ ಕೂಡಿಕೊಂಡಿತು.

ಎರಡು ವರ್ಷದ ಹಿಂದೆ, ಮುಂಗಾರಿನ ಮಿರಗದ ಮಳೆ ಬಿದ್ದ ಮರುದಿನ, ಕರೆದರೆ ಬರಲಿಲ್ಲವೆಂದು ಅವನು ಮಗಳ ಮೇಲೆ ಕೈ ಎತ್ತಿಕೊಂಡು ಹೋದ. ಐದು ವರ್ಷದ ಹುಡುಗಿ ಅಳಲಿಲ್ಲ, ಓಡಲಿಲ್ಲ.

"ನಿಂದರು ಅಪ್ಪಾ, ತುಳದೀ! ಮಖಮಲ್ ಅಂಗಿ ಹಾಕ್ಕೊಂಡೈತಿ."

ಅವನ ಕಾಲಿನ ಮುಂದೆ ಒಂದು ಕೆಂಪು ಮಿರಗದ ಹುಳ ಹೊರಟಿತ್ತು. ಎತ್ತಿದ ಕೈ ಎತ್ತಿದಂತೆಯೇ ಹುಲಿಗೆಪ್ಪ ಬಗ್ಗಿ ನೋಡಿದ. ಆಮೇಲೆ ಮಂಡಿಯೂರಿದ. ಬಾಗಿಲಲ್ಲಿ ನಿಂತಿದ್ದ ದುರ್ಗಾದೇವಿ ಆ ಪೆಟ್ಟು ಎಲ್ಲಿ ಬೀಳುತ್ತದೋ ಎಂದು ಕಾದಳು. ಅದು ಬೀಳಲೇ ಇಲ್ಲ.

ಅಂದಿನಿಂದ ಸಂಜೆ ಬಂದವನೇ, "ಇವತ್ತೇನು ನೋಡಿದಿಯವಾ?" ಎಂದು ಮಗಳನ್ನು ಕೇಳುತ್ತಿದ್ದ. ಇಬ್ಬರೂ ಬೇಲಿಸಾಲಿನಲ್ಲಿ ಬಗ್ಗಿಕೊಂಡು ಏನೋ ಹುಡುಕುತ್ತಿದ್ದರು. ಬರಬರುತ್ತ ಕುಡಿತ ಬಿಟ್ಟ. ಮುರಿದ ಕೈಗೆ ತಪ್ಪಾಯಿತು ಎಂದು ಬಾಯಿಬಿಟ್ಟು ಎಂದೂ ಅನ್ನಲಿಲ್ಲ. ರೊಟ್ಟಿಯ ಹಿಟ್ಟನ್ನು ಮಾತ್ರ ತಾನೇ ನಾದಿ ಕೊಡತೊಡಗಿದ.

ಹೋದ ಐತವಾರ ಕ್ವಾರಿಗೆ ರಜೆ. ಮಗಳನ್ನು ಕರೆದೊಯ್ದಿದ್ದ. ಜಲ್ಲಿಯ ನಡುವೆ ಟಿಟ್ಟಿಭ ಹಕ್ಕಿ ಇಟ್ಟ, ಕಲ್ಲಿನದೇ ಬಣ್ಣದ ನಾಲ್ಕು ತತ್ತಿಗಳನ್ನು ಅವಳು ಬೆರಳು ಮಾಡಿ ತೋರಿಸಿದರೂ ಅವನಿಗೆ ಕಾಣಲಿಲ್ಲವಂತೆ.

"ನೀ ಬರೇ ಕಲ್ಲು ನೋಡ್ತೀಯಪ್ಪಾ," ಎಂದು ಮನೆಗೆ ಬಂದ ಮೇಲೂ ಅವಳು ಅವನನ್ನು ಹಂಗಿಸಿದಳು.

ನಿನ್ನೆ ಬೆಳಿಗ್ಗೆ ಅವನು ಬುತ್ತಿ ಎತ್ತಿಕೊಳ್ಳುವಾಗ ಸುರೇಖಾ ಕಾಲಿಗೆ ಜೋತುಬಿದ್ದಳು. "ತತ್ತಿ ಇದ್ದಲ್ಲೆ ಸಿಡಿಸಬ್ಯಾಡ."

"ಬತ್ತಿ ಹಚ್ಚೂದರೊಳಗ ಅವನ್ನ ತಗದು ದೂರ ಇಡ್ತೀನಿ, ಸಾಕಿಲ್ಲೋ?" ಎಂದಿದ್ದ ಹುಲಿಗೆಪ್ಪ.

*

ಆಸ್ಪತ್ರೆಯ ಬೇವಿನ ಗಿಡದ ಕೆಳಗೆ ಮದಾರಸಾಬ ನಿನ್ನೆ ದುರ್ಗಾದೇವಿಯೊಬ್ಬಳಿಗೇ ಹೇಳಿದ್ದ. ಹುಲಿಗೆಪ್ಪ ಮದ್ದು ತುಂಬಿದರೆ ಬತ್ತಿ ಹಚ್ಚುವವನು ಅವನು. ಹನ್ನೆರಡು ವರ್ಷದ ಜೋಡಿ.

"ಮೇಸ್ತ್ರಿ ಗಡಿಬಿಡಿ ಮಾಡಿದ, ತಂಗೀ, ತತ್ತಿ ತಗದಿಡಾಕ ಹೊತ್ತ ಸಿಗಲಿಲ್ಲ. ಹಚ್ಚಿದ್ವಿ, ಇಬ್ಬರೂ ಓಡಿ ಬಂದ್ವಿ. ಅಷ್ಟರಾಗ ಆ ಹಕ್ಕಿ ಚೀರಿತು. ನಾವು ಕೂಗಿದ್ದು ಕೇಳದಾವಗ ಅದೊಂದು ಕೇಳಿಸಿತು ನೋಡು. 'ಮಗಳಿಗೆ ಮಾತು ಕೊಟ್ಟೀನಿ' ಅಂದಾವನ ವಾಪಸ್ ಓಡಿದ. ಅಂಗಿ ಹಿಡಿದೆ. ಹರಕೊಂಡು ಹೋದ."

ಆಮೇಲೆ ಜೇಬಿನಿಂದ ಎರಡು ದುಂಡನೆಯ ಕಲ್ಲು ತೆಗೆದ. ಮಾಸಲು ಕಂದು, ಮೇಲೆ ಕರೀ ಚುಕ್ಕಿ.

"ಅವನ ಮುಷ್ಟಿಯೊಳಗಿದ್ದವು. ಬೆರಳು ಬಿಡಿಸಾಕ ನಾ ಭಾಳ ಹೆಣಗಬೇಕಾತು. ತತ್ತಿ ಅಂತ ತಿಳಿದು ಕಲ್ಲು ಆರಿಸ್ಯಾನ. ಗೂಡು ಬಂಡೆಗಲ್ಲಿನ ಆ ಕಡೀಗಿತ್ತು. ಒಂದೂ ಒಡದಿಲ್ಲ. ಹಕ್ಕಿ ಕಾವಿಗೆ ಕುಂತೈತಿ."

ಅವಳು ಕಲ್ಲುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಯಾರಿಗೂ ಹೇಳಬ್ಯಾಡಣ್ಣಾ. ಇದು ಸುರೇಖಾನ ಕಿವಿಗೆ ಬಿದ್ದರ ಆಕಿ ಜೀವನಪೂರ್ತಿ ತಲಿ ಎತ್ತೂದಿಲ್ಲ."

"ಅಲ್ಲಾನ ಆಣಿ," ಎಂದಿದ್ದ ಮದಾರಸಾಬ.

*

ಈಗ ಅದೇ ಮದಾರಸಾಬ ಹೂವಿನ ಹಾರ ಹಿಡಿದು ಅಂಗಳಕ್ಕೆ ಬಂದ. ಹುಲಿಗೆಪ್ಪನ ಅಣ್ಣ ಕಾಶಿನಾಥ ಕುಣಿ ತೋಡಲು ತಂದಿದ್ದ ಗುದ್ದಲಿಯನ್ನು ಹೆಗಲಿಂದ ಇಳಿಸಿದ.

"ಬತ್ತಿ ಹಚ್ಚಿದಾವ ನೀನ ಹೌದಿಲ್ಲೋ?"

"ಹೌದ್ರಿ."

"ನನ್ನ ತಮ್ಮ ಹೊರಗ ಬರೂಕಿಂತ ಮೊದಲ ಹಚ್ಚಿದಿ."

"ಇಲ್ರಿ."

"ಹಂಗಾರ ಅವ ಯಾಕ ಒಳಗಿದ್ದ? ಹೇಳು!"

ಮದಾರಸಾಬ ಬಾಯಿ ತೆರೆದ. ಸುರೇಖಾ ಅವನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿಕೊಂಡ.

ಗುದ್ದಲಿಯ ಬೆನ್ನು ಅವನ ಭುಜಕ್ಕೆ ಬಿತ್ತು. ಎಲುಬು ಮುರಿದ ಸದ್ದು ಅಳುವ ಹೆಂಗಸರಿಗೂ ಕೇಳಿಸಿತು. ಹಾರ ಕೆಳಗೆ ಬಿತ್ತು, ಅವನೂ ಬಿದ್ದ. ಬಿಡಿಸಲು ಬಂದ ಓಣಿಯ ಪಕ್ಕೀರಪ್ಪನನ್ನು ಕಾಶಿನಾಥ ಒದ್ದು ಕೆಡವಿದ. ಗುದ್ದಲಿ ಮತ್ತೆ ಮೇಲೆದ್ದಿತು. ಈ ಸಲ ಅಲಗು ಕೆಳಗಿತ್ತು, ಗುರಿ ತಲೆಗಿತ್ತು.

"ಹೇಳಲೇ! ಇಲ್ಲಾಂದ್ರ ಎರಡು ಕುಣಿ ತೋಡ್ತೀನಿ."

"ಹೊಡೀರಿ," ಎಂದ ಮದಾರಸಾಬ. ಅಷ್ಟೇ.

ದುರ್ಗಾದೇವಿ ಎದ್ದು ನಿಂತಳು.

"ಅವರು ಕುಡದಿದ್ರು, ಭಾವಾ."

ಎತ್ತಿದ ಗುದ್ದಲಿ ಹಿಡಿದೇ ಕಾಶಿನಾಥ ಅವಳತ್ತ ತಿರುಗಿದ.

"ಮುಂಜಾನಿ ಮನಿಯಾಗ ಕುಡದ ಹೋಗಿದ್ರು. ನಾ ಬ್ಯಾಡಂದೆ. ಬತ್ತಿ ಹಚ್ಚಿದ್ದೂ ಅವರಿಗೆ ತಿಳಿದಿರಲಿಕ್ಕಿಲ್ಲ."

ಮುದುಕಮ್ಮನ ಅಂಗೈ ಅವಳ ಕೆನ್ನೆಗೆ ಬಿತ್ತು. ಇನ್ನೊಮ್ಮೆ ಬಿತ್ತು. "ರಂಡೀ, ಹೆಣದ ಮುಂದ ಸುಳ್ಳಾಡ್ತಿ? ವರ್ಷಾತು ನನ್ನ ಮಗ ಅದನ್ನ ಮುಟ್ಟಿಲ್ಲ!"

ದುರ್ಗಾದೇವಿ ಸೊಟ್ಟ ಮಣಿಕಟ್ಟನ್ನು ಎಲ್ಲರೆದುರು ಎತ್ತಿ ಹಿಡಿದಳು. ಬಳೆ ಚೂರು ಇನ್ನೂ ಅದರಲ್ಲಿ ನೆಟ್ಟಿತ್ತು. "ಇದು ಮುರದಾಗ ನೀವು ಇಲ್ಲೇ ಕುಂತಿದ್ರಿ, ಅತ್ತಿ. ಅಂಥಾ ಚಾಳಿ ಬಿಡತಾವೇನು?"

ಜನ ಆ ಕೈಯನ್ನು ನೋಡಿದರು, ನಂಬಿದರು. ಕಾಶಿನಾಥನ ಗುದ್ದಲಿ ನಿಧಾನಕ್ಕೆ ಇಳಿಯಿತು.

"ಅಪ್ಪ ಬಿಟ್ಟಿದ್ದನಲ್ಲವ್ವಾ?" ಎಂದಳು ಸುರೇಖಾ.

"ನಿನ್ನಿ ಕುಡದಿದ್ದ."

"ಹಂಗಾರ... ತತ್ತಿ ಅವಂಗ ನೆನಪಾಗಲಿಲ್ಲೇನು?"

"ಇಲ್ಲ," ಎಂದಳು ದುರ್ಗಾದೇವಿ. "ನೆನಪಾಗಲಿಲ್ಲ."

ಬೆಳಗಿನಿಂದ ಹಿಡಿದಿದ್ದ ಅಪ್ಪನ ಹೆಬ್ಬೆರಳನ್ನು ಹುಡುಗಿ ಬಿಟ್ಟಳು.

*

ಹಿಂದಿನ ದಿನದ ಮಳೆಗೆ ಕುಣಿಯ ಮಣ್ಣು ಮೆತ್ತಗಿತ್ತು. ಹುಲಿಗೆಪ್ಪನನ್ನು ಇಳಿಸಿದ ಮೇಲೆ ಮುದುಕಮ್ಮ ಅಂಚಿನಲ್ಲಿ ಕುಸಿದು ಕುಳಿತಳು. ಬೈದು ಬೈದು ಅವಳ ದನಿ ಸತ್ತಿತ್ತು.

"ಹಳ್ಳು-ಕಲ್ಲು ಆರಿಸಿ ತಗದು ಮಣ್ಣು ಹಾಕ್ರಪಾ," ಎಂದಳು. "ನನ್ನ ಮಗಗ ಬಡೀತಾವ. ಜೀವನಾ ಎಲ್ಲಾ ಕಲ್ಲಾಗ ಕಳದಾನ."

ಒಬ್ಬೊಬ್ಬರೇ ಹಿಡಿಮಣ್ಣು ತೆಗೆದುಕೊಂಡು, ಹಳ್ಳು ಆರಿಸಿ, ಹಾಕಿ ಸರಿದರು. ಸುರೇಖಾಳ ಸರದಿ ಬಂತು. ಅವಳು ಮುಖ ಬೇರೆ ಕಡೆ ತಿರುಗಿಸಿಯೇ ಮಣ್ಣು ಹಿಡಿದಳು. ಆರಿಸಲೆಂದು ಅಂಗೈ ನೋಡಿದವಳು ನೋಡುತ್ತಲೇ ನಿಂತಳು.

"ಹಾಕವಾ, ಹೊತ್ತಾತು," ಎಂದು ಕಾಶಿನಾಥ ಗದರಿದ.

"ನಿಂದರು ದೊಡ್ಡಪ್ಪಾ. ಇದು ಜೀವಂತ ಐತಿ."

ಮಣ್ಣಿನಿಂದ ಏನನ್ನೋ ಬೆರಳ ತುದಿಯಲ್ಲಿ ಎತ್ತಿ ತಾಯಿಯ ಎಡಗೈ ಮೇಲೆ ಬಿಟ್ಟಳು. "ಹಿಡಕೋ. ಅಲುಗಬ್ಯಾಡ." ಆಮೇಲೆ ಅಪ್ಪನ ಮೇಲೆ ಮಣ್ಣು ಹಾಕಿದಳು, ಹತ್ತಿರ ಬಗ್ಗಿ, ಮೆಲ್ಲಗೆ.

ದುರ್ಗಾದೇವಿ ಬಲಗೈಯಿಂದ ಸೆರಗಿನ ಗಂಟು ಬಿಚ್ಚಿದಳು. ಎರಡು ಕಲ್ಲುಗಳ ಸುತ್ತ ಮಣ್ಣು ಹಿಡಿದು ಕುಣಿಯ ಆಳಕ್ಕೆ ಕೈಚಾಚಿ ಬಿಟ್ಟಳು. ಅವು ಬಿದ್ದ ಸದ್ದಾಗಲಿಲ್ಲ.

ಎಲ್ಲರೂ ಕೈ ತೊಳೆಯಲು ಹೊರಟರು. ಅವಳು ನಿಂತೇ ಇದ್ದಳು. ಒಣಗಿದ ರಕ್ತದ ಅಂಚಿನಲ್ಲಿ, ಬಳೆಗಳಿದ್ದ ಜಾಗದಲ್ಲಿ, ಮಿರಗದ ಹುಳವೊಂದು ಅವಳ ಸೊಟ್ಟ ಮಣಿಕಟ್ಟನ್ನು ನಿಧಾನಕ್ಕೆ ಸುತ್ತುತ್ತಿತ್ತು. ಅವಳು ಕೈ ಅಲುಗಿಸಲಿಲ್ಲ.