ಮರಳಿನ ಕೆಳಗಿನ ಜಿಂಕೆ

ನಮ್ಮ ಬಿಟೋಲಾ ಊರಿನ ಅಂಚಿನಲ್ಲಿ ಪಾಳುಬಿದ್ದ ಹಳೆಯ ನಗರವಿದೆ. ಅಲ್ಲಿನ ಚರ್ಚಿನ ನೆಲಕ್ಕೆ ವರ್ಷಕ್ಕೊಮ್ಮೆ ಮರಳು ಹೊದಿಸುವವಳು, ವರ್ಷಕ್ಕೊಮ್ಮೆ ತೆಗೆಯುವವಳು ನಾನು. ಹೆಸರು ಫಾನಿಯಾ. ಮೂವತ್ತನಾಲ್ಕು ವರ್ಷದಿಂದ ಇದೇ ಕೆಲಸ. ಬಣ್ಣಬಣ್ಣದ ಕಲ್ಲುಚೂರುಗಳನ್ನು ಕೂಡಿಸಿ ಮಾಡಿದ ಚಿತ್ರದ ನೆಲ ಅದು. ಸಂದಿಯಲ್ಲಿ ನೀರು ನಿಂತು ಹೆಪ್ಪುಗಟ್ಟಿತೆಂದರೆ ಚೂರುಗಳು ಒಂದೊಂದಾಗಿ ಕಿತ್ತು ಬರುತ್ತವೆ. ಅದಕ್ಕೇ ಚಳಿಗಾಲ ಶುರುವಾಗುವ ಮೊದಲು ಮರಳು ಹೊದಿಸಬೇಕು, ಮೇ ತಿಂಗಳಲ್ಲಿ ಸಂತ ಜಾರ್ಜನ ಹಬ್ಬ ಕಳೆಯುವ ತನಕ ಅದನ್ನು ಮುಟ್ಟಬಾರದು. ಈ ನಿಯಮ ಕಲಿಸಿದವರು ಆ ನೆಲದ ಚಿತ್ರಗಳನ್ನು ರಿಪೇರಿ ಮಾಡುತ್ತಿದ್ದ ನೌಮ್ ಮೇಸ್ತ್ರಿ. "ಬಿಷಪ್ಪೇ ಬಂದು ಕಾಲಿಗೆ ಬಿದ್ರೂ ತೆಗೀಬೇಡ" ಅಂದಿದ್ದರು. ಬಿಷಪ್ ಬರಲಿಲ್ಲ. ಈ ಮಾರ್ಚಿನಲ್ಲಿ ಮೇಸ್ತ್ರಿಯೇ ಫೋನ್ ಮಾಡಿದರು.

ಚರ್ಚಿನ ಚರಿತ್ರೆ ಬೇಕಾದರೆ ಬೇಸಿಗೆಯಲ್ಲಿ ಬನ್ನಿ, ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಇಲ್ಲಿಂದ ಒಬ್ಬ ಬಿಷಪ್ ಯಾವುದೋ ದೂರದ ಮಹಾಸಭೆಗೆ ಹೋಗಿದ್ದನಂತೆ. ಅವನ ಹೆಸರು ಹೀಗೋ ಹಾಗೋ ಎಂದು ಪಂಡಿತರು ಇವತ್ತಿಗೂ ಕಚ್ಚಾಡುತ್ತಾರೆ. ನೆಲದ ಮೇಲೆ ಮಂಡಿಯೂರಿ ಕಲ್ಲು ಕೂಡಿಸಿದವರ ಹೆಸರು ಯಾರಿಗೂ ಬೇಡ. ಭೂಮಿ ನಡುಗಿತು, ಚಾವಣಿ ಬಿತ್ತು, ಜನ ಊರು ಬಿಟ್ಟರು. ಉಳಿದ ಗೋಡೆಗಳನ್ನು ನಮ್ಮ ಹಿರಿಯರು ಹೊತ್ತುಕೊಂಡು ಹೋಗಿ ಮನೆ ಕಟ್ಟಿಕೊಂಡರು. ನನ್ನಜ್ಜನ ಕೊಟ್ಟಿಗೆಯ ಮೆಟ್ಟಿಲೂ ಅಲ್ಲಿಯದೇ. ನೆಲವನ್ನು ಮಾತ್ರ ಯಾರೂ ಹೊರಲಿಲ್ಲ. ಅದು ಸಾವಿರಕ್ಕೂ ಹೆಚ್ಚು ವರ್ಷ ಮಣ್ಣಿನಡಿ ಸುಮ್ಮನೆ ಮಲಗಿತ್ತು.

ಆ ಕಾಲದಲ್ಲಿ ನೆಲ ಮಾಡಿಸಿಕೊಟ್ಟವರು ಇಷ್ಟು ಅಡಿ ನಮ್ಮ ಹರಕೆ ಎಂದು ಅಲ್ಲಲ್ಲೇ ಹೆಸರು ಹಾಕಿಸಿಕೊಂಡಿದ್ದಾರೆ. ಒಂದು ಕಡೆ ಮಾತ್ರ, ಕೊಟ್ಟವರ ಹೆಸರು ದೇವರಿಗೆ ಗೊತ್ತು ಎಂದಷ್ಟೇ ಬರೆದಿದೆ. ನಾನು ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲಿ ನೌಮ್ ಮೇಸ್ತ್ರಿ ಅದನ್ನು ಓದಿ ಹೇಳಿದಾಗ ನಾನು, "ಗಂಡಂಗೆ ಹೇಳ್ದೆ ಕೊಟ್ಟಿರ್ತಾಳೆ ಬಿಡಿ" ಅಂದೆ. ಅವರು ಕೈಯಲ್ಲಿದ್ದ ಕುಂಚ ಬಿಟ್ಟು ಬಿದ್ದು ಬಿದ್ದು ನಕ್ಕರು. ಆ ನಗು ನೋಡಿ ನನಗೆ ಏನೋ ಆಯಿತು. ಏನೋ ಎಂದೇನು, ಪ್ರೀತಿಯೇ. ಈಗ ನನಗೆ ಅರವತ್ತೊಂದು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಆಗ ಹೇಳುವ ಹಾಗಿರಲಿಲ್ಲ. ನನಗೆ ಗಂಡ ತೋಡೆ ಇದ್ದ, ಅವರಿಗೆ ಹೆಂಡತಿ ರಿಸ್ತಾನಾ ಇದ್ದಳು. ಇಬ್ಬರೂ ಒಳ್ಳೆಯವರು, ಅದೇ ದೊಡ್ಡ ತೊಂದರೆ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ಇಬ್ಬರೂ ತೀರಿಕೊಂಡು ವರ್ಷಗಳಾದವು. ಆದರೂ ಸುಮ್ಮನಿರುವುದು ಅಷ್ಟು ಹೊತ್ತಿಗೆ ರೂಢಿಯಾಗಿಬಿಟ್ಟಿತ್ತು.

ಚರ್ಚಿನ ನಡುವೆ ನೀರು ಕುಡಿಯುವ ಜಿಂಕೆಯ ಚಿತ್ರವಿದೆ. ಅದರ ಕಿವಿಯೂ ಕುತ್ತಿಗೆಯೂ ಪುಡಿಯಾಗಿದ್ದವು. ಮೇಸ್ತ್ರಿ ಮೂರು ಬೇಸಿಗೆ ಕೂತು, ಉದುರಿದ ಚೂರುಗಳನ್ನೇ ಜಾಮ್ ಡಬ್ಬಿಗಳಲ್ಲಿ ವಿಂಗಡಿಸಿ, ಮತ್ತೆ ಅವುಗಳ ಜಾಗದಲ್ಲಿ ಕೂಡಿಸಿದರು. ಪಕ್ಕದಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲು ತೊಳೆಯುತ್ತಿದ್ದವಳು ನಾನು. ನನ್ನ ಬದುಕಿನಲ್ಲಿ ಅಷ್ಟು ಬೇಗ ಕಳೆದುಹೋದ ಬೇಸಿಗೆಗಳು ಬೇರೆ ಇಲ್ಲ.

"ಫಾನಿಯಾ, ಜಿಂಕೆ ನೋಡ್ಬೇಕು," ಅಂದರು ಫೋನಿನಲ್ಲಿ.

"ಹಬ್ಬ ಆದ್ಮೇಲೆ ಬನ್ನಿ. ಊಟಾನೂ ಹಾಕ್ತೀನಿ."

"ಹಬ್ಬದ ಹೊತ್ತಿಗೆ ಕಣ್ಣು ಪೂರ್ತಿ ಹೋಗುತ್ತಂತೆ. ಡಾಕ್ಟ್ರು ಹೇಳಿದ್ದಾರೆ. ಈ ಗುರುವಾರ ನಾಲ್ಕು ಗಂಟೆಗೆ ಮಗಳು ಬಂದು ಸ್ಕೋಪ್ಯೆಗೆ ಕರ್ಕೊಂಡು ಹೋಗ್ತಾಳೆ. ಆಮೇಲೆ ನಾನು ಈ ಕಡೆ ಬರೋದು ಸುಳ್ಳು."

"ನಿಯಮ ಮಾಡಿದೋರೇ ನೀವು!"

"ಮಾಡಿದೋನೇ ಕೇಳ್ತಿದೀನಿ ಕಣೆ."

ಎರಡು ದಿನ ಹೀಗೂ ಹಾಗೂ ತೂಗಿ ನೋಡಿದೆ. ಒಂದು ಹೊತ್ತು ತೆರೆದಿಟ್ಟು ಚೂರುಗಳು ಕಿತ್ತು ಬಂದರೆ ಅವರ ಮೂರು ಬೇಸಿಗೆ ನನ್ನ ಕೈಯಿಂದಲೇ ಹಾಳು. ತೆರೆಯದಿದ್ದರೆ ಅವರು ನೋಡದೆಯೇ ಹೋಗುತ್ತಾರೆ, ನಾನೂ ಅವರ ಪಕ್ಕ ಇನ್ನೊಮ್ಮೆ ಕೂರದೆಯೇ ಉಳಿಯುತ್ತೇನೆ. ಕಾವಲುಗಾರ ಸ್ಪಾಸೆಗೆ ಹೇಳಿದೆ. ಅವನು ಕೈಯಲ್ಲಿದ್ದ ಬುರೆಕ್ ತಿನ್ನುವುದನ್ನೂ ನಿಲ್ಲಿಸದೆ, "ಫಾನಿಯಕ್ಕ, ಹೋದ ವರ್ಷ ಮಂತ್ರಿ ಬಂದಾಗ ಒಂದು ಹಿಡಿ ಮರಳು ಸರಿಸೋಕೆ ಬಿಡ್ಲಿಲ್ಲ ನೀನು. ಮೇಸ್ತ್ರಿ ಮಂತ್ರಿಗಿಂತ ದೊಡ್ಡೋರಾ?" ಅಂದ.

"ಹೌದು."

ಅವನು ನನ್ನ ಮುಖ ನೋಡಿದ. "ಸರಿ, ಅವರನ್ನ ನಾನು ಕರ್ಕೊಂಡ್ಬರ್ತೀನಿ," ಅಂದ.

ಗುರುವಾರ ಒಳ್ಳೆಯ ಬಿಸಿಲು ಬಂತು. ಪೆಲಿಸ್ತೆರ್ ಬೆಟ್ಟದ ಮೇಲೆ ಹಿಮವಿದ್ದರೂ ಗಾಳಿ ಇರಲಿಲ್ಲ. ಚಾಪೆಯಷ್ಟು ಜಾಗ ತೆರೆಯುವುದು, ಬಿಸಿಲು ಇಳಿಯುವ ಮೊದಲು ಕಾವಲುಗಾರನ ಶೆಡ್ಡಿನಲ್ಲಿಟ್ಟ ಒಣ ಮರಳು ತಂದು ಮುಚ್ಚುವುದು ಎಂದು ಲೆಕ್ಕ ಹಾಕಿದೆ. ಮೇ ತಿಂಗಳಲ್ಲಾದರೆ ಇಡೀ ನೆಲದ ಮರಳು ತೆಗೆಯುತ್ತೇವೆ, ಯಾವ ಚಿತ್ರ ಎಲ್ಲಿದೆ ಎಂದು ಹುಡುಕುವ ಪ್ರಮೇಯವೇ ಇಲ್ಲ. ಮೇಸ್ತ್ರಿಯೇ ಹೇಳಿಕೊಟ್ಟಿದ್ದರು: ಹೊಸ್ತಿಲಿಂದ ಹನ್ನೊಂದು ಹೆಜ್ಜೆ, ಎಡಕ್ಕೆ ಮೂರು. ಎಣಿಸಿದೆ. ಸಲಿಕೆಯಿಂದ ಮೇಲಿನ ಮರಳು, ಪೊರಕೆಯಿಂದ ನಡುವಿನದು, ಕುಂಚದಿಂದ ಕೊನೆಯದು. ಅದರಡಿಯ ಬಟ್ಟೆ ಎತ್ತಿದೆ. ಎರಡು ಬಾತುಕೋಳಿ, ಒಂದು ದ್ರಾಕ್ಷಿ ಬಳ್ಳಿ.

ತಿರುಗಿ ಬಾಗಿಲ ಕಡೆ ನೋಡಿದೆ. ಈ ಚರ್ಚಿಗೆ ಎರಡು ಹೊಸ್ತಿಲು, ಹೊರಗಿನ ಪಡಸಾಲೆಯದೊಂದು, ಒಳಗಿನದೊಂದು. ಒಳಗಿನದು ಮರಳಿನಡಿ ಮುಚ್ಚಿತ್ತು, ನಾನು ಹೊರಗಿನಿಂದ ಎಣಿಸಿಬಿಟ್ಟಿದ್ದೆ. ಜಿಂಕೆ ಇನ್ನೂ ಒಳಗೆ, ಒಂದು ಮೊಳ ಮರಳಿನಡಿ. ಆಗಲೇ ಒಂದು ಗಂಟೆ. ಇನ್ನೊಂದು ಕಡೆ ತೆರೆಯಲು ಹೊತ್ತಿರಲಿಲ್ಲ. ಅಷ್ಟರಲ್ಲಿ ಸ್ಪಾಸೆ ಮೇಸ್ತ್ರಿಯ ತೋಳು ಹಿಡಿದು ಕರೆತಂದ. ಕಪ್ಪು ಕೋಟು, ಹೊಸದಾಗಿ ಕ್ಷೌರ ಮಾಡಿಸಿದ ಮುಖ. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ. ಅವರು ಆಗಲೇ ಮಂಡಿಯೂರಿ, ನೆಲಕ್ಕೆ ಗೇಣು ದೂರದವರೆಗೆ ಮುಖ ತಂದಿದ್ದರು.

"ಆಹಾ," ಅಂದರು. "ಇವಳೇ. ಕಿವಿ ನೋಡು ಫಾನಿಯಾ, ಬಣ್ಣ ಮಾಸೇ ಇಲ್ಲ."

ನಾನು ಬಾತುಕೋಳಿಗಳನ್ನು ನೋಡಿದೆ. ಸ್ಪಾಸೆ ಏನೋ ಹೇಳಹೊರಟ. ಅವನ ಕಾಲು ತುಳಿದೆ.

"ಮಾಸಿಲ್ಲ ಮೇಸ್ತ್ರಿಗಳೇ."

"ಕುತ್ತಿಗೆ?"

"ಕುತ್ತಿಗೇನೂ ಗಟ್ಟಿಯಾಗಿದೆ." ಕೆಮ್ಮು ಬಂದ ಹಾಗೆ ಮಾಡಿದೆ.

ಅವರು ಕೈಗವಸು ಕಳಚಿ ಕಲ್ಲಿನ ಮೇಲೆ ಬೆರಳಿಟ್ಟರು. ಜಿಂಕೆಯ ಕಲ್ಲುಗಳು ಬೇಳೆಯಷ್ಟು ಸಣ್ಣವು. ಪಡಸಾಲೆಯಲ್ಲಿ ಅಷ್ಟು ನಾಜೂಕಿಲ್ಲ, ಹುರುಳಿಕಾಯಿ ಬೀಜದಷ್ಟು ದಪ್ಪದವು. ಬೆರಳುಗಳು ಸ್ವಲ್ಪ ದೂರ ಹೋದವು, ನಿಂತವು, ಹಿಂದಕ್ಕೆ ಬಂದವು.

"ಫಾನಿಯಾ."

"ಹೇಳಿ."

"ಈ ಜಿಂಕೆಗೆ ಕೊಕ್ಕಿದೆ."

ಸ್ಪಾಸೆ ಮರಳು ತರುತ್ತೇನೆಂದು ಹೇಳಿ ಅಲ್ಲಿಂದ ಕಾಲು ಕಿತ್ತ. ಅವನಿಗೂ ಒಮ್ಮೊಮ್ಮೆ ಬುದ್ಧಿ ಬರುತ್ತದೆ.

"ಹೊರಗಿನ ಹೊಸ್ತಿಲಿಂದ ಎಣಿಸಿದ್ಯಾ?" ಅಂದರು ಮೇಸ್ತ್ರಿ.

"ಹೂಂ. ನಿಮಗೆ ಎಂದಿನಿಂದ ಕಾಣ್ತಿಲ್ಲ?"

"ಡಿಸೆಂಬರಿಂದ. ಸಂತ ನಿಕೋಲನ ಹಬ್ಬದ ಹಿಂದಿನ ದಿನದಿಂದ."

ನನಗೆ ಕೋಪ ನೆತ್ತಿಗೇರಿತು. "ಮತ್ತೆ ಈ ಚಳೀಲಿ ನನ್ ಕೈಲಿ ನಿಯಮ ಮುರಿಸಿದ್ದು ಯಾಕೆ? ಒಂದು ಚೂರು ಕಿತ್ತು ಬಂದ್ರೂ ನಾನು ಸಾಯೋ ತನಕ ನಿದ್ದೆ ಮಾಡ್ತೀನಾ? ನೋಡೋಕಾಗದಿದ್ರೆ ಬಂದಿದ್ದಾದ್ರೂ ಯಾತಕ್ಕೆ?"

ಅವರು ಕೈಗವಸನ್ನು ಹಿಂಡಿದರು.

"ನಿನ್ ಪಕ್ಕ ಒಂದು ಮಧ್ಯಾಹ್ನ ಕೂತ್ಕೋಬೇಕಿತ್ತು. ಹಾಗಂತ ಫೋನಲ್ಲಿ ಹೇಳೋಕೆ ಎಂಬತ್ತೊಂದು ವರ್ಷ ಆದ್ರೂ ಧೈರ್ಯ ಬರ್ಲಿಲ್ಲ ಕಣೆ. ಜಿಂಕೆ ನೆಪ ಹೇಳ್ದೆ."

ದೂರದಲ್ಲಿ ಸ್ಪಾಸೆ ಕೈಗಾಡಿ ಎಳೆಯುವ ಸದ್ದು ಕೇಳುತ್ತಿತ್ತು. ನಾನು ಅವರ ಪಕ್ಕ ಮಂಡಿಯೂರಿ ಕೂತೆ. ಅಳು ಬಂತು, ತಡೆಯಲಿಲ್ಲ. ಕಾಣುವ ಕಣ್ಣು ಅಲ್ಲಿ ಇರಲಿಲ್ಲವಲ್ಲ.

"ಎಂಥಾ ಮನುಷ್ಯರು ನೀವು," ಅಂದೆ. "ಕಣ್ಣಿದ್ದಾಗ ಹೇಳ್ಬಾರ್ದಿತ್ತಾ? ಆಗ ನಾನೂ ನೋಡೋ ಹಾಗಿದ್ದೆ."

"ಇದ್ದೆ," ಅಂದರು. "ಜಿಂಕೆ ಕಿವಿಗೆ ಮೂರು ಬೇಸಿಗೆ ಹಿಡೀತಿತ್ತು ಅಂದ್ಕೊಂಡ್ಯಾ? ಒಂದೇ ಸಾಕಿತ್ತು."

ಅವರ ಬರಿಗೈ ತಣ್ಣಗಿತ್ತು. ನನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡೆ. ತೊಳೆಯಬೇಕಾದ ಕಲ್ಲು ಯಾವುದೂ ಇರಲಿಲ್ಲ, ಮಾಡಬೇಕಾದ ಕೆಲಸ ಯಾವುದೂ ಇರಲಿಲ್ಲ, ಆದರೂ ಕೂತಿದ್ದೆವು. ಹಾಗೆ ಕೂತದ್ದು ಅದೇ ಮೊದಲು.

ಬಿಸಿಲು ಕಂಬಗಳ ಆಚೆ ಸರಿದಾಗ ಅವರೇ, "ಮುಚ್ಚು, ತಣ್ಣಗಾಗ್ತಿದೆ," ಅಂದರು. ಬಾತುಕೋಳಿಗಳ ಮೇಲೆ ಬಟ್ಟೆ ಎಳೆದೆ. ಸ್ಪಾಸೆ ಮರಳು ಸುರಿದ. ಮೇಸ್ತ್ರಿ ಎದ್ದು ಹೋಗಲಿಲ್ಲ, ಅಂಗೈಯಿಂದ ಮರಳು ಹರಡತೊಡಗಿದರು. ನಾನು ಈ ಕಡೆಯಿಂದ ಹರಡಿದೆ. ನಡುವೆ ಕೈಗೆ ಕೈ ತಾಗುತ್ತಿತ್ತು, ಇಬ್ಬರೂ ಹಿಂದೆಗೆಯಲಿಲ್ಲ.

ಸ್ಪಾಸೆ ಮೈ ಬೆವರುವಂತೆ ಗಾಡಿಯ ಮೇಲೆ ಗಾಡಿ ತಂದು ಸುರಿಯುತ್ತಿದ್ದ. "ಇನ್ನೆರಡು ಗಾಡಿ ಅಕ್ಕ, ಮುಗೀತು," ಅಂದ. ಮರಳು ಹಾಕುವ ದಿನ ಕೆಲಸದವರನ್ನೆಲ್ಲ ಗದರಿಸಿ ಓಡಾಡಿಸುವವಳು ನಾನು, ಅದು ಅವನಿಗೆ ಚೆನ್ನಾಗಿ ಗೊತ್ತು.

"ನಿಧಾನ ಕಣೋ," ಅಂದೆ. "ಇನ್ನೂ ನಾಲ್ಕಾಗಿಲ್ಲ."