ನಡುವೆ ನೆಟ್ ಇರುವ ಆಟ

"ಏ ಮೈಲಾರಿ ಹೆಂಡ್ತಿ! ಎದ್ದಿದೀಯೇನೇ? ಹತ್ತಕ್ಕೆ ಪಂಚಾಯ್ತಿ ಆಫೀಸಿಗೆ ಬರ್ಬೇಕಂತೆ. ಒಳ್ಳೆ ಸೀರೆ ಉಟ್ಕಂಡು ಬಾ. ಬಿಳೇದು ಗಿಳೇದು ಬ್ಯಾಡ, ಫೋಟೋ ತೆಗೀತಾರೆ."

ನೀರಗಂಟಿ ಕಾಲೋನಿಯ ಬಾಯಲ್ಲಿ ಬೈಕು ನಿಲ್ಲಿಸಿ ಅಲ್ಲಿಂದಲೇ ಕೂಗುತ್ತಿದ್ದ. ಒಳಗೆ ಬರಲಿಲ್ಲ. ಯಾವತ್ತೂ ಬಂದವನಲ್ಲ.

ಮಣ್ಣಿಗೆ ಬಂದು ತಿಥಿವರೆಗೂ ಇದ್ದ ನೆಂಟರು ಹಿಂದಿನ ಸಂಜೆಯೇ ಹೊರಟಿದ್ದರು. ಜಗಳೂರಿನಿಂದ ಬಂದಿದ್ದ ನನ್ನ ಅಪ್ಪ ಅಮ್ಮನೂ. ಅವತ್ತಿನದು ಮಾಮೂಲಿ ಬೆಳಗು. ನಲ್ಲಿ ಬಂತು. ನಾನು ಕೊಡ ತುಂಬಿದೆ. ಅತ್ತೆ ಅಂಜಿನಮ್ಮ ಬುಟ್ಟಿ ಹಿಡಿದು ಗೌಡರ ಕೊಟ್ಟಿಗೆಗೆ ಹೊರಟಳು.

"ಇವತ್ತೂ ಹೋಗ್ಬೇಕಾ ಅತ್ತೆ?"

"ನನ್ ಮಗ ಸತ್ತಿದ್ದು ದನಕ್ಕೆ ಗೊತ್ತೇನೇ? ಸಗಣಿ ಹಾಕೇ ಹಾಕ್ತಾವೆ."

ಬಾಗಿಲಲ್ಲಿ ನಿಂತು ಹೇಳಿದಳು: "ಅದೇನೋ ಸಮಿತಿ ಮಾಡ್ತಾರಂತೆ. ನಿನ್ ಹೆಸ್ರೂ ಹಾಕ್ಯಾರಂತೆ. ಗೌಡ್ತಿ ಹೇಳ್ತಿದ್ಲು. ಹೋಗಿ ಕುಂತು ಬಾ. ಬಾಯಿ ಬಿಡ್ಬ್ಯಾಡ. ಆ ಕಬಡ್ಡಿ ಜಾಗ ಉಳುದ್ರೆ ಸಾಕು. ಅವ್ನು ಮಣ್ಣು ಹೊತ್ತು ಮಾಡಿದ್ದು."

ಅದೊಂದೇ ಉಳಿದಿತ್ತು. ಶಾಲೆಯ ಹಿಂದಿನ ಗೋಮಾಳದಲ್ಲಿ ಮೈಲಾರಿ ಮತ್ತು ಅವನ ಗೆಳೆಯ ಜಾವೀದ್ ಜಾಲಿ ಕಡಿದು, ಕಲ್ಲು ಆರಿಸಿ, ಕೆಮ್ಮಣ್ಣು ಹಾಕಿ ಮಾಡಿದ ಅಂಕಣ. ಇಬ್ಬರೂ ಹಗಲು ಟೈಲ್ಸ್ ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಕಾಲೋನಿಯ ಹುಡುಗ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಿದ್ದರು. ನಾನು ಮೈಲಾರಿಯನ್ನು ಮೊದಲು ನೋಡಿದ್ದು ದಾವಣಗೆರೆಯಲ್ಲಿ ಎಂ.ಎ. ಓದುವಾಗ, ವಿಶ್ವವಿದ್ಯಾಲಯದ ಅಂಕಣದಲ್ಲಿ. ಅಲ್ಲಿ ಅವನನ್ನು ಹಿಡಿದವರು ಏಳುವಾಗ ಕೈ ಕೊಟ್ಟು ಎಬ್ಬಿಸುತ್ತಿದ್ದರು.

ನಮ್ಮೂರಿನಲ್ಲಿ ಟೂರ್ನಮೆಂಟ್ ನಡೆಸಿದ್ದು ಗೌಡರು. ಚನ್ನಗಿರಿ, ಹೊನ್ನಾಳಿ ಕಡೆಯಿಂದಲೂ ತಂಡಗಳು ಬಂದಿದ್ದವು. ಕೊನೆಗೆ ಉಳಿದದ್ದು ಎರಡೂ ನಮ್ಮೂರಿನವೇ. ಒಂದು ಊರೊಳಗಿನದು, ಇನ್ನೊಂದು ಕಾಲೋನಿಯದು. ಮೈಲಾರಿ ರೈಡಿಗೆ ಹೋಗಿ ಗೌಡರ ಮಗ ವಿನೋದನ ಭುಜ ಮುಟ್ಟಿದ. ತಿರುಗುವಷ್ಟರಲ್ಲಿ ವಿನೋದ್ ಅವನ ಸೊಂಟ ಹಿಡಿದ. ಆಮೇಲೆ ಉಳಿದವರೆಲ್ಲ ಮೇಲೆ ಬಿದ್ದರು. ಕಬಡ್ಡಿ ಕಬಡ್ಡಿ ಎನ್ನುವುದು ರಾಶಿಯ ಅಡಿಯಿಂದ ಸ್ವಲ್ಪ ಹೊತ್ತು ಕೇಳಿತು. ನಿಂತಿತು. ದಮ್ಮು ನಿಂತರೆ ರೈಡರ್ ಔಟ್, ಸೀಟಿ ಊದಬೇಕು. ಊದಲಿಲ್ಲ. ಸೀಟಿ ಗೌಡರ ಅಣ್ಣನ ಮಗನ ಬಾಯಲ್ಲಿತ್ತು.

"ಒತ್ತ್ರೋ ಇನ್ನೂ. ಮುಟ್ಟಾಕೆ ಬರ್ತಾನೆ ಸೂಳೆಮಗ."

ವಿನೋದನ ದನಿ ಅದು. ನಾನು ಹಗ್ಗದ ಹೊರಗೆ ನಿಂತಿದ್ದೆ. ಕೇಳಿಸಿತು. ಎಲ್ಲರೂ ಎದ್ದರು. ಮೈಲಾರಿ ಏಳಲಿಲ್ಲ. ಅವನ ಕತ್ತು ಇರಬೇಕಾದ ಕಡೆ ಇರಲಿಲ್ಲ. ಜಾವೀದ್ ಅವನನ್ನು ಗೂಡ್ಸ್ ಆಟೋಗೆ ಎತ್ತಿ ಹಾಕುವಾಗ ವಿನೋದ್ ನೀರಿನ ಟ್ಯಾಂಕಿನ ಕೆಳಗೆ ಕೂತು ತಲೆಗೆ ನೀರು ಸುರಿದುಕೊಳ್ಳುತ್ತಿದ್ದ. ಅವನ ತಾಯಿ ಒಣಬಟ್ಟೆ ಹಿಡಿದು ದೂರ ನಿಂತಿದ್ದರು. ಪೂರ್ತಿ ತೊಳೆದುಕೊಂಡ ಮೇಲೆ ಕೊಟ್ಟರು.

ಆಟದಲ್ಲಿ ಆಗಿದ್ದು ಎಂದರು ಎಲ್ಲರೂ. ಇನ್ನು ಮುಂದೆ ಹೀಗಾಗಬಾರದೆಂದು ಪಂಚಾಯ್ತಿ ಒಂದು ಸಮಿತಿ ಮಾಡಿತು. ಯುವ ಕ್ರೀಡೆ ಮತ್ತು ಮನರಂಜನಾ ಸಲಹಾ ಸಮಿತಿ. ಅಧ್ಯಕ್ಷರು ಅದೇ ಗೌಡರು, ರಂಗನಾಥಗೌಡರು.

ಹತ್ತಕ್ಕೆ ಹೋದೆ. ಜಾವೀದ್ ಜೊತೆಗೆ ಬಂದ. ಒಳಗೆ ಮೇಜಿನ ಸುತ್ತ ಗಾದಿ ಕುರ್ಚಿಗಳು. ಬಾಗಿಲ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ, ಅರ್ಧ ಬಿಸಿಲಿನಲ್ಲಿ. ಅದು ನನ್ನದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಜಾವೀದ್ ನನ್ನ ಹಿಂದೆ ಗೋಡೆಗೆ ಒರಗಿ ನಿಂತ.

"ಬಾರಮ್ಮ," ಅಂದರು ಪಿಡಿಒ. "ನಿಮ್ಮಿಂದ ನಂಗೆ ಭಾಳ ಅನುಕೂಲ ಆಯ್ತು. ಒಬ್ರು ಮಹಿಳೆ ಇರ್ಬೇಕು, ಒಬ್ರು ಎಸ್ಸಿ ಇರ್ಬೇಕು ಅಂತ ಮೇಲ್ನೋರು ಹೇಳಿದ್ರು. ಒಂದೇ ಕುರ್ಚೀಲಿ ಎರಡೂ ಮುಗೀತು."

"ವಿದ್ಯಾವಂತರ ಕೋಟಾನೂ ತುಂಬಿತಲ್ರೀ," ಅಂದರು ಗೌಡರು. ಎಲ್ಲರೂ ನಕ್ಕರು.

ಒಂದು ನಿಮಿಷ ಎದ್ದು ನಿಂತರು, ಮೈಲಾರಿಗಾಗಿ. ನಡುವೆ ಗೌಡರ ಫೋನು ಹಾಡಿತು. ನಿಂತೇ ಮಾತಾಡಿದರು. "ಮಧ್ಯಾಹ್ನ ನ್ಯಾಮತಿಗೆ ಬರ್ತೀನಿ ಕಣಯ್ಯಾ, ಸನ್ಮಾನ ಐತೆ ನಂದು. ಹೂಂ, ಇದೇ ಕ್ರೀಡಾ ಸಮಿತೀದು. ಹಾರ ಸ್ವಲ್ಪ ದಪ್ಪದ್ ತರ್ಸು." ಅಷ್ಟರಲ್ಲಿ ನಿಮಿಷ ಮುಗಿದಿತ್ತು. ಕೂತರು.

ಫೋಟೋದವನು ನನ್ನ ಮುಂದೆ ಮಂಡಿಯೂರಿದ. "ಅಕ್ಕಾ, ಸ್ವಲ್ಪ ದುಃಖದಾಗಿರ್ರಿ. ಅಳಬ್ಯಾಡ್ರಿ, ಅತ್ರೆ ಮೂಗು ಕೆಂಪಗೆ ಬರ್ತೈತೆ."

ನಾನು ಅವನನ್ನೇ ನೋಡಿದೆ. ಅವನು ಎರಡು ಸಲ ಒತ್ತಿ ಎದ್ದ.

ಗೌಡರು ಗಂಟಲು ಸರಿ ಮಾಡಿಕೊಂಡರು. "ನೋಡ್ರಪ್ಪಾ, ಮೊದಲ್ನೇ ಸಲಹೆ ನಂದೇ. ಈ ಊರಾಗೆ ಇನ್ಮೇಲೆ ಕಬಡ್ಡಿ ಬ್ಯಾಡ."

"ಯಾಕ್ರೀ?" ಅಂದೆ. ಆ ಸಭೆಯಲ್ಲಿ ನಾನು ಬಾಯಿ ಬಿಟ್ಟದ್ದು ಅದೇ ಮೊದಲು.

"ಯಾಕಂದ್ರೆ? ಗಂಡನ್ನ ಕಳ್ಕಂಡೋಳು ನೀನೇ ಕೇಳ್ತೀಯಲ್ಲ. ಕಬಡ್ಡಿ ಅಂದ್ರೆ ಮೈ ಮೈ ಬೀಳ್ತೈತೆ. ಹಿಡೀಬೇಕು, ತಬ್ಬಬೇಕು, ಬೆವರು ಹತ್ತಬೇಕು. ಹುಡುಗ್ರಿಗೆ ಸಿಟ್ಟು ಬರ್ತೈತೆ. ಗಲಾಟೆ. ಅದ್ಕೇ ವಾಲಿಬಾಲ್ ಮಾಡನ. ಬಂಗಾರದಂಥ ಆಟ. ನಡುವೆ ನೆಟ್ ಇರ್ತೈತೆ. ನಿಮ್ಮೋರು ಆ ಕಡೆ, ನಮ್ಮೋರು ಈ ಕಡೆ. ಯಾರೂ ಯಾರ್ನೂ ಮುಟ್ಟಂಗಿಲ್ಲ."

"ಚೆಂಡು ಎಲ್ರೂ ಮುಟ್ಟಬೇಕಲ್ಲ ಗೌಡ್ರೆ," ಅಂದ ಜಾವೀದ್.

"ಚೆಂಡಿಗೆ ಜಾತಿ ಇಲ್ಲ ಕಣೋ ಸಾಬಾ."

ಮತ್ತೆ ನಕ್ಕರು. ಪಿಡಿಒ ಅಂತೂ ಮೇಜು ತಟ್ಟಿದರು. ನಗು ಇಳಿಯುವ ಮೊದಲೇ ಉಳಿದದ್ದೂ ತೀರ್ಮಾನವಾಯಿತು. ಕೆಮ್ಮಣ್ಣು ತೆಗೆದು ಸಿಮೆಂಟ್ ಹಾಕುವುದು. ಸುತ್ತ ಗೋಡೆ, ಒಂದು ಬಾಗಿಲು. ಕೀಲಿ ಗೌಡರ ಮನೆಯಲ್ಲಿ. ಬೆಳಿಗ್ಗೆ ಸಂಜೆ ಊರಿನ ಹುಡುಗರು. ಕಾಲೋನಿಯವರು ಮಧ್ಯಾಹ್ನ.

"ಮಧ್ಯಾಹ್ನ ಸಿಮೆಂಟು ಕಾಯ್ತೈತೆ," ಅಂದೆ. "ಬರಿಗಾಲಲ್ಲಿ ನಿಲ್ಲಾಕೂ ಆಗಲ್ಲ."

"ಅದ್ಕೇನು, ನಿಮ್ಮೋರ ಕಾಲು ಗಟ್ಟಿ ಇರ್ತಾವೆ," ಅಂದರು ಗೌಡರು. ದನಿಯಲ್ಲಿ ಕೋಪವಿರಲಿಲ್ಲ. ಹೊಗಳುವಂತೆಯೇ ಅಂದರು. "ಗೋಡೆ ಮೇಲೆ ನಿನ್ ಗಂಡನ ಹೆಸ್ರು ಬರ್ಸನ. ಮೈಲಾರಿ ಸ್ಮಾರಕ ವಾಲಿಬಾಲ್ ಮೈದಾನ. ಸಾಕಲ್ಲ?"

ನಾನು ಎದ್ದೆ. "ನನ್ನ ಹೆಸರು ತೆಗೀರಿ."

"ಹೆಂಗಮ್ಮ ತೆಗೆಯೋದು?" ಪಿಡಿಒ ಮುಖ ಸಪ್ಪಗೆ ಮಾಡಿದರು. "ಫೋಟೋ ಆಗೋತಲ್ಲ."

ಬಾಗಿಲು ದಾಟುವಾಗ ಗೌಡರು ಕರೆದರು.

"ಏ ನಿಲ್ಲು. ಇನ್ನೊಂದೈತೆ. ನಿನ್ ಗಂಡ ನಮ್ ಕಣದ ರೋಣಗಲ್ಲು ಇಸ್ಕಂಡು ಹೋಗಿದ್ದ. ನೆಲ ಗಟ್ಟಿ ಮಾಡಾಕೆ ಅಂತ. ಇನ್ನು ನಿಮಗೆ ಅದೇನು ಕೆಲ್ಸ? ನಮ್ ಮುತ್ತಾತನ ಕಲ್ಲು ಅದು, ವರ್ಷಕ್ಕೊಂದ್ಸಲ ಪೂಜೆ ಮಾಡ್ತೀವಿ. ಇವತ್ತೇ ಕಳ್ಸು."

"ಕಳಿಸ್ತೀನಿ."

"ಅಂಗಳದೊಳಗೆ ಉಳ್ಳಿಸ್ಕಂಡು ಬಂದೀರಾ ಮತ್ತೆ. ಹೊರಗೇ ಬಿಡ್ರಿ. ರಸ್ತೇಲಿ ಬ್ಯಾಡ, ಗೇಟಿಗೆ ಒತ್ತಿ ಬಿಡ್ರಿ. ಆಮೇಲೆ ತೊಳ್ಸಿ ತಗೋತೀವಿ."

ಒಕ್ಕಣೆಗೆ ಮೆಷಿನ್ ಬಂದ ಮೇಲೆ, ತೆನೆ ತುಳಿಸುತ್ತಿದ್ದ ಆ ಉದ್ದನೆ ಉರುಳುಗಲ್ಲು ಗೌಡರ ಕಣದ ಬೇಲಿಯಲ್ಲಿ ಬಿದ್ದಿತ್ತು. ಬಳ್ಳಿ ಹಬ್ಬಿತ್ತು. ಮೈಲಾರಿ ಅದನ್ನು ಬಿಡಿಸಿ ತಂದಾಗ ಯಾರೂ ಪೂಜೆಯ ಮಾತಾಡಿರಲಿಲ್ಲ.

ಹೊರಗೆ ಬಂದಾಗ ಜಾವೀದ್ ನೆಲಕ್ಕೆ ಉಗಿದ. "ಅಲ್ಲೇ ಬಿದ್ದಿರ್ಲಿ ಅಕ್ಕಾ. ಬೇಕಾದ್ರೆ ಅವನೇ ಬಂದು ಹೊತ್ಕಂಡು ಹೋಗ್ಲಿ, ಬೋಳಿಮಗ."

"ಬೇಡ. ಇಸ್ಕೊಂಡಿದ್ದು. ಕೊಟ್ಟುಬಿಡೋಣ. ಅವರು ಹೇಳಿದ ಜಾಗದಲ್ಲೇ."

ಅವನು ನನ್ನ ಮುಖ ನೋಡಿದ. ಆಮೇಲೆ ತಂಡದವರನ್ನು ಕರೆಯಲು ಹೋದ.

ಅಂಕಣದಿಂದ ಗೌಡರ ಮನೆಗೆ ಊರಿನ ನಡುವಿನ ರಸ್ತೆಯಲ್ಲೇ ಹೋಗಬೇಕು. ಉರುಳಿಸಿಕೊಂಡು ಹೊರಟೆವು. ಕಲ್ಲು ಕಾಂಕ್ರೀಟಿನ ಮೇಲೆ ಹಲ್ಲು ಕಡಿದ ಹಾಗೆ ಸದ್ದು ಮಾಡಿತು. ಅಂಗಡಿಯವರು ಹೊರಗೆ ಬಂದು ನಿಂತರು. ಯಾರೋ "ಏನ್ರೋ ಇದು ಮೆರವಣಿಗೆ?" ಅಂದರು. ನಾವು ಉರುಳಿಸುತ್ತಲೇ ಹೋದೆವು. ಹನ್ನೆರಡರ ಬಿಸಿಲು. ಕಲ್ಲು ಕಾದಿತ್ತು, ಅಂಗೈ ಸುಟ್ಟಿತು. ನಾನು ಕೈ ತೆಗೆಯಲಿಲ್ಲ. ಸುಡುವುದು ಗೊತ್ತಾಗುತ್ತಿತ್ತು. ಅಷ್ಟು ದಿನಗಳಲ್ಲಿ ಗೊತ್ತಾದದ್ದು ಅದೊಂದೇ.

ಗೌಡರ ಗೇಟಿನ ಮುಂದೆ ಅತ್ತೆ ಸಿಕ್ಕಳು. ಸಗಣಿ ಬುಟ್ಟಿ ತಲೆಯ ಮೇಲಿತ್ತು.

"ಏನ್ ಮಾಡಾಕ್ ಹತ್ತೀಯೇ ಗಂಗೋತ್ರಿ?"

"ಮೈಲಾರಿ ಇಸ್ಕೊಂಡಿದ್ದ ಕಲ್ಲು. ವಾಪಸ್ ಕೊಡ್ತಿದೀವಿ. ಗೇಟಿಗೆ ಒತ್ತಿ ಬಿಡಿ ಅಂದಿದಾರೆ."

ಅವಳು ಗೇಟು ನೋಡಿದಳು. ದೊಡ್ಡ ಕಬ್ಬಿಣದ ಗೇಟು, ಕಾರಿಗೆಂದು ಹೊಸದಾಗಿ ಮಾಡಿಸಿದ್ದು. ಅಂಗಳ ಎತ್ತರ ಮಾಡಿದ್ದರಿಂದ ಹೊರಕ್ಕೆ ತೆರೆಯುವಂತೆ ಇಟ್ಟಿದ್ದರು. ದಿನವೂ ಅದನ್ನು ಎಳೆದು ತೆರೆಯುವವಳು ಅವಳೇ.

"ಕಬಡ್ಡಿ ಜಾಗ ಉಳೀತೇನೇ?"

"ನಮ್ ಅಂಕಣ ಹೋಯ್ತು ಅತ್ತೆ. ಸಿಮೆಂಟ್ ಹಾಕ್ತಾರೆ. ಕೀಲಿ ಇವರ ಹತ್ರ ಇರ್ತೈತೆ. ನಮ್ಮೋರು ಊರೋರನ್ನ ಮುಟ್ಟಬಾರದಂತೆ."

ಅತ್ತೆ ಬುಟ್ಟಿ ಇಳಿಸಿದಳು. ಸೆರಗು ಸೊಂಟಕ್ಕೆ ಕಟ್ಟಿದಳು. ನನ್ನ ಪಕ್ಕ ನಿಂತು ಕಲ್ಲಿಗೆ ಭುಜ ಕೊಟ್ಟಳು. ಕಲ್ಲು ಗೇಟಿನ ಎರಡೂ ಕದಗಳಿಗೆ ಅಡ್ಡವಾಗಿ ಕೂತಿತು. ಜಾವೀದ್ ಎರಡು ಕಡೆಯೂ ಕಲ್ಲುಚೂರು ಹೊಡೆದು ಬಿಗಿ ಮಾಡಿದ. ಟೈಲ್ಸ್ ಕೂರಿಸುವಾಗ ಮಾಡುವ ಹಾಗೆ, ನಿಧಾನವಾಗಿ, ತಟ್ಟಿ ನೋಡಿ.

ಹಿತ್ತಿಲ ಕಾಲುದಾರಿಯಿಂದ ಮನೆಗೆ ಊಟಕ್ಕೆ ಬಂದಿದ್ದ ಗೌಡರು ಬಿಳಿ ಅಂಗಿ ಹಾಕಿಕೊಂಡು ಕಾರು ಹತ್ತಿದರು. ವಿನೋದ್ ಡ್ರೈವರ್ ಸೀಟಿನಲ್ಲಿದ್ದ. ಹಾರ್ನ್ ಹೊಡೆದ. ಇಳಿದು ಬಂದು ಕದ ನೂಕಿದ. ಅದು ಅಲುಗಲಿಲ್ಲ.

"ಏ ಅಂಜಿನಿ! ತೆಗಿಯೇ ಗೇಟು!"

ಅತ್ತೆ ಎದುರಿನ ಕಟ್ಟೆಯ ಮೇಲೆ ಕೂತಿದ್ದಳು. ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ಗೌಡರೂ ಇಳಿದು ಬಂದರು. "ಯಾವನೋ ಇದನ್ನ ಹಿಂಗೆ ಇಟ್ಟೋನು? ಲೇ ಜಾವೀದಾ, ಎತ್ತ್ರೋ ಅತ್ಲಾಗೆ! ಟೈಮಾತು!"

"ಮುಟ್ಟಬ್ಯಾಡ ಅಂದಿದ್ರಲ್ಲ ಗೌಡ್ರೆ," ಅಂದ ಜಾವೀದ್. ಅವನೂ ಕೂತ. ತಂಡದವರೂ ಕೂತರು.

"ಲೇ ಮುಂಡೆ! ನಿನಗೇ ಹೇಳ್ತಿರೋದು! ತೆಗ್ಸೆ ಇದನ್ನ!"

ನಾನು ಗೇಟಿನ ಹತ್ತಿರ ಹೋದೆ. "ನೀವು ಹೇಳಿದ ಕಡೆಯೇ ಇಟ್ಟಿದೀವಿ. ನಿಮ್ಮದು ನಿಮಗೆ ಬಂತಲ್ಲ. ನೋಡಿಕೊಳ್ರಿ."

ರಸ್ತೆಯಲ್ಲಿ ಜನ ಸೇರಿದ್ದರು. ಊರೊಳಗಿನವರೂ ಇದ್ದರು. ಯಾರೂ ಮುಂದೆ ಬರಲಿಲ್ಲ. ಒಳಗಿನಿಂದ ಗೌಡ್ತಿ ಕೂಗುತ್ತಿದ್ದರು: "ವಿನೋದಾ, ಮುಟ್ಟಬ್ಯಾಡ ಕಣೋ, ತಡಿ, ನೀರು ತರ್ತೀನಿ."

ಕಂಬಿಗಳ ನಡುವಿನಿಂದ ವಿನೋದನ ಕೈ ಹೊರಗೆ ಬಂತು. ಕಲ್ಲಿನ ಹತ್ತಿರದವರೆಗೂ ಬಂತು. ಅಲ್ಲೇ ನಿಂತಿತು, ಬೆರಳುಗಳು ಅಗಲವಾಗಿ.