ಪಾತ್ರಿ ಕೇಳದ ದನಿ

ಮದುವೆಯಾಗಿ ಉಪ್ಪುಂದಕ್ಕೆ ಬಂದಾಗ ನಾನು ಮುಂಬೈಯಿಂದ ತಂದದ್ದು ಒಂದು ಟ್ರಂಕು. ಸೀರೆ, ಹಿತ್ತಾಳೆ ಪಾತ್ರೆ ಇರಬಹುದೆಂದು ಅತ್ತೆ ಆಸೆಯಿಂದ ಬೀಗ ತೆಗೆಸಿದರು. ಒಳಗಿದ್ದವು ಇಂಗ್ಲಿಷ್ ಕಾದಂಬರಿಗಳು. ಎಲ್ಲವೂ ಹಳೆಯವು, ಎಲ್ಲದರ ರಟ್ಟಿನ ಮೇಲೂ ರಾಕೆಟ್ಟೋ ಎರಡೆರಡು ಚಂದ್ರರೋ. ಅಪ್ಪ ದುಡಿಯುತ್ತಿದ್ದ ಹೋಟೆಲಿನ ಎದುರು ಫುಟ್‌ಪಾತಿನಲ್ಲಿ ಪುಸ್ತಕ ಮಾರುವವನೊಬ್ಬನಿದ್ದ. ಮಳೆಗೆ ನೆನೆದು ಮಾರಾಟವಾಗದ್ದನ್ನೆಲ್ಲ ಅವನು ಅಪ್ಪನಿಗೆ ಕೊಡುತ್ತಿದ್ದ, ಅಪ್ಪ ನನಗೆ ತಂದು ಕೊಡುತ್ತಿದ್ದರು. ಅತ್ತೆ ಟ್ರಂಕನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇದ್ರಗೆ ಎಂತ ಬೇಯ್ಸುದ್ ಮಾರಾಯ್ತಿ?" ಎಂದರು.

ಆ ಪುಸ್ತಕಗಳಿಗೆ ಗಿರಾಕಿಯಾದವರು ನಮ್ಮನೆಯವರು. ಇಂಗ್ಲಿಷ್ ಬಾರದು, ಏಳನೇ ಕ್ಲಾಸು ಮುಗಿಸಿ ದೋಣಿ ಹತ್ತಿದವರು. ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಹಾಗಿಲ್ಲ. ಚಪ್ಪರದಡಿ ಕೂತು ಹರಿದ ಬಲೆ ಹೊಲಿಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಪುಸ್ತಕ ಬಿಡಿಸಿ, ನಮ್ಮ ಮಾತಿನಲ್ಲೇ ಕಥೆ ಹೇಳುತ್ತಿದ್ದೆ. ಆಕಾಶನೌಕೆಯ ಕ್ಯಾಪ್ಟನ್ ನನ್ನ ಬಾಯಲ್ಲಿ ದೋಣಿಯ ತಾಂಡೇಲನಾಗುತ್ತಿದ್ದ. ಬೇರೆ ಗ್ರಹದವರಿಗೆ ಒಂದು ದನಿ, ಯಂತ್ರಕ್ಕೆ ಒಂದು ದನಿ, ಹೀಗೆ ಬದಲಿಸಿ ಬದಲಿಸಿ ಹೇಳುವುದು ನನಗೆ ಚಟವೇ ಆಗಿಹೋಯಿತು.

ಒಂದು ಕಥೆಯಲ್ಲಿ ಸತ್ತವನ ಮನಸ್ಸನ್ನು ಯಂತ್ರದೊಳಗೆ ತುಂಬಿಡುತ್ತಾರೆ. ಇವರು ನೂಲು ಹಲ್ಲಲ್ಲಿ ಕಚ್ಚಿಕೊಂಡೇ, "ಹಾಂಗಾರೆ ಅವ್ನ ಬೊಜ್ಜ ಮಾಡಿದ್ರಾ ಇಲ್ಯಾ?" ಎಂದರು. ಉತ್ತರಕ್ರಿಯೆಯ ಸುದ್ದಿಯೇ ಪುಸ್ತಕದಲ್ಲಿಲ್ಲ ಎಂದೆ. "ಮತ್ತೆಂತ! ಬೊಜ್ಜ ಮಾಡದ್ರೆ ಅವ ತಿರ್ಗಿ ತಿರ್ಗಿ ಬಪ್ದೇ. ಅದಕ್ಕೆ ಯಂತ್ರ ಬೇರೆ ಬೇಕಾ?" ಎಂದು ಆ ಲೇಖಕನನ್ನೇ ಬೈದರು.

ಇವರಿಗೆ ಇಂಥ ಕಥೆಗಳ ಹುಚ್ಚು ಹಿಡಿದದ್ದಕ್ಕೆ ಕಾರಣವಿತ್ತು. ಇವರು ಪಾತ್ರಿ. ವರ್ಷಕ್ಕೊಂದು ಸಲ, ಸುಗ್ಗಿ ತಿಂಗಳ ಒಂದು ಮಧ್ಯಾಹ್ನ, ಇವರ ಮೈಮೇಲೆ ದೈವ ಬರುತ್ತದೆ, ಅದಕ್ಕೆ ದರ್ಶನ ಎನ್ನುತ್ತೇವೆ. ಮೂರು ದಿನ ಒಪ್ಪೊತ್ತು ಉಂಡು, ಕೆಂಪು ಪಟ್ಟೆ ಉಟ್ಟು, ಅಡಿಕೆಯ ಸಿಂಗಾರದ ಹೂವು ಹಿಡಿದು ನಿಂತರೆ, ಡೋಲು ಬಿದ್ದೊಡನೆ ಮೈ ನಡುಗಲು ಶುರುವಾಗುತ್ತದೆ. ಆಮೇಲೆ ಒಂದು ಗಂಟೆ ಹೊತ್ತು ಅವರ ಬಾಯಿಂದ ದೈವ ಮಾತಾಡುತ್ತದೆ. ಊರವರು ಸಾಲಾಗಿ ನಿಂತು ಕಷ್ಟ ಹೇಳಿಕೊಳ್ಳುತ್ತಾರೆ, ಉತ್ತರ ಪಡೆಯುತ್ತಾರೆ. ಮುಗಿದ ಮೇಲೆ ಇವರಿಗೆ ಒಂದಕ್ಷರ ನೆನಪಿರುವುದಿಲ್ಲ. ಊರಿನ ಕೂಸುಕುನ್ನಿಗಳೂ ಕೇಳಿದ ಆ ದನಿಯನ್ನು ಕೇಳದವರು ಇವರೊಬ್ಬರೇ.

"ಹ್ಯಾಂಗಿತ್ತ್ ಅದ್ರ ದನಿ?" ಎಂದು ಮದುವೆಯಾದ ಮೊದಲ ವರ್ಷವೇ ನನ್ನನ್ನು ಕೇಳಿದ್ದರು. ನಿಮ್ಮದೇ ದನಿ ಎಂದರೆ ಸುಳ್ಳು, ನಿಮ್ಮದಲ್ಲ ಎಂದರೆ ಅದೂ ಸುಳ್ಳು. ಒಲೆ ಊದುತ್ತಾ ಕೂತೆ.

ಅಲ್ಲಿಂದ ಮುಂದೆ ಪ್ರತಿ ಮಳೆಗಾಲದಲ್ಲೂ ಟ್ರಂಕಿನಲ್ಲಿ ಅದನ್ನೇ ಹುಡುಕಿದರು. ದೇಹ ಬಿಟ್ಟು ನಕ್ಷತ್ರಗಳ ನಡುವೆ ಅಲೆದವನ ಕಥೆಯನ್ನು ಎರಡು ಸಲ ಹೇಳಿಸಿದರು. ತನ್ನೊಳಗೆ ಇನ್ನೊಬ್ಬ ಕೂತಿದ್ದಾನೆಂದು ತಿಳಿದವನ ಕಥೆಯನ್ನು ನಾಲ್ಕು ಸಲ. "ಇದ್ನ ಬರ್ದವ್ರೆಲ್ಲ ದರ್ಶನ ಕಂಡವ್ರೇ ಮಾರಾಯ್ತಿ," ಎನ್ನುತ್ತಿದ್ದರು. "ಹೆಸ್ರ್ ಗೊತ್ತಿಲ್ದೆ ನಕ್ಷತ್ರ ಅಂದ್ರ್, ಅಷ್ಟೇ." ಮೊದಲು ನಕ್ಕಿದ್ದೆ. ವಿಜ್ಞಾನದ ಕಥೆಯನ್ನು ದೈವದ ಚಾವಡಿಗೆ ಎಳೆಯುತ್ತಾರಲ್ಲ ಎಂದು ಸಿಟ್ಟೂ ಬಂದಿತ್ತು. ಆದರೆ ಓದುತ್ತಾ ಓದುತ್ತಾ ನನಗೂ ಅನುಮಾನ ಹತ್ತಿತು. ಯಾವ ಗ್ರಹಕ್ಕೆ ಹೋದರೂ ಆ ಲೇಖಕರು ಕೊನೆಗೆ ಕೇಳುವುದು ಒಂದೇ ಮಾತು: ನಾನು ನಾನು ಎನ್ನುತ್ತಿರುವುದು ಒಳಗೆ ಎಲ್ಲಿದೆ?

ಹೋದ ವರ್ಷಕ್ಕೂ ಹಿಂದಿನ ಮಳೆಗಾಲದಲ್ಲಿ ಟ್ರಂಕಿನ ತಳದಿಂದ ಒಂದು ಪುಸ್ತಕ ಬಂತು. ಅದರಲ್ಲಿ ಒಬ್ಬ ತನ್ನ ದೇಹವನ್ನು ದಿನಕ್ಕೆ ಒಂದು ಗಳಿಗೆ ಬೇರೆ ನಕ್ಷತ್ರದ ಜೀವಕ್ಕೆ ಬಿಟ್ಟುಕೊಡುತ್ತಾನೆ. ಆ ಹೊತ್ತಿನ ಮಾತನ್ನು ಡಾಕ್ಟರೊಬ್ಬ ಟೇಪಿನಲ್ಲಿ ಹಿಡಿದು ಅವನಿಗೇ ಕೇಳಿಸುತ್ತಾನೆ. ಅಷ್ಟು ಹೇಳುವಾಗ ಇವರ ಕೈಯಿಂದ ಬಲೆ ಜಾರಿತು.

"ನಂಗೂ ಹಾಂಗೆ ಕೇಂಬುಕಿತ್ತ್. ನೀ ಮೊಬೈಲಗ್ ಹಿಡಿ."

"ಎಂತ ಮಾತ್ ಆಡ್ತ್ರಿ? ದೈವದ ಅಂಗಳದಗೆ ಮೊಬೈಲ್ ತೆಗುಕಾಗ ಅಂದೇಳಿ, ಎಲ್ರದ್ದೂ ಹಾಕ್ಸುಕೆ ಬಾಗ್ಲಗೆ ನೀವೇ ಅಲ್ದಾ ಬುಟ್ಟಿ ಇಡ್ಸಿದ್?"

ಕಟ್ಟುಪಾಡು ಇದ್ದದ್ದು ಹೌದು, ಆದರೆ ನನ್ನ ಹೆದರಿಕೆ ಬೇರೆಯಿತ್ತು. ಪುಸ್ತಕದ ಕೊನೆಯನ್ನು ಮೊದಲೇ ಓದಿದ್ದೆ. ಆ ದನಿ ಕೇಳಿದ ಮೇಲೆ, ಮರುದಿನ ದೇಹ ಬಿಟ್ಟು ಹೋದವನು ತಿರುಗಿ ಬರುವುದೇ ಇಲ್ಲ. ಇವರು ಬೇರೆ ಯಾರ ಹತ್ತಿರವಾದರೂ ಓದಿಸಿಯಾರೆಂದು ಅಷ್ಟು ಹಾಳೆಗಳನ್ನು ಹರಿದು ಬಚ್ಚಲೊಲೆಗೆ ಹಾಕಿದೆ. ಇವರು ಕೇಳಿದಾಗ, ಗೆದ್ದಲು ತಿಂದಿದೆ ಎಂದೆ.

ಯಾಕೆಂದರೆ ನಾನೊಂದು ನೋಡಿದ್ದೆ. ದರ್ಶನ ಮುಗಿದು ಎಲ್ಲರೂ ಪ್ರಸಾದಕ್ಕೆ ನುಗ್ಗುವಾಗ ಪಾತ್ರಿಯ ಮುಖವನ್ನು ಯಾರು ನೋಡುತ್ತಾರೆ? ನಾನು ನೋಡುತ್ತಿದ್ದೆ. ದೈವ ಹೋಗಿರುತ್ತದೆ, ಇವರು ಬಂದಿರುವುದಿಲ್ಲ. ಕಣ್ಣು ತೆರೆದೇ ಇರುತ್ತದೆ, ಒಳಗೆ ಯಾರೂ ಇಲ್ಲ. ಅರ್ಧ ನಿಮಿಷ. ಆಮೇಲೆ ರೆಪ್ಪೆ ಬಡಿದು ನನ್ನನ್ನು ಹುಡುಕುತ್ತಾರೆ. ವರ್ಷದಿಂದ ವರ್ಷಕ್ಕೆ ಆ ಅರ್ಧ ನಿಮಿಷ ಉದ್ದವಾಗುತ್ತಿತ್ತು. ಪ್ರತಿ ಸಲವೂ, ಈ ಸಲ ಬರಲಿಕ್ಕಿಲ್ಲ ಎಂದೇ ಹೆದರುತ್ತಿದ್ದೆ.

ರೆಕಾರ್ಡು ಮಾಡುವುದಿಲ್ಲ ಎಂದು ಹಟ ಹಿಡಿದೆ. ಇವರು ಎರಡು ದಿನ ಮಾತು ಬಿಟ್ಟರು. ಮೂರನೇ ದಿನ, "ಆಯ್ತ್. ಹಾಂಗಾರೆ ನೀ ಸಾಲಗ್ ನಿಂತ್ಕಂಡ್ ದೈವದ ಹತ್ರ ಒಂದ್ ಕೇಣ್. ಅದ್ ಬಪ್ಪು ಹೊತ್ತಿಗೆ ನಾ ಎಲ್ಲಿಗ್ ಹೋತೆ?" ಎಂದರು. ಅದಕ್ಕೆ ಒಪ್ಪಿದೆ.

ಹೋದ ಸುಗ್ಗಿಯಲ್ಲಿ, ನನ್ನ ಗಂಡನ ಬಾಯಿಯ ಮುಂದೆ ಕೈಮುಗಿದು ನಿಂತು, ನನ್ನ ಗಂಡ ಎಲ್ಲಿ ಎಂದು ಕೇಳಿದೆ. ದೈವ ಸಿಂಗಾರ ಆಡಿಸುವುದನ್ನು ನಿಲ್ಲಿಸಿತು. "ನನ್ ಪಾತ್ರಿ ಸುಖದಗೆ ಇದ್ದ ತಾಯಿ," ಎಂದಿತು. "ಅವ್ನಿಗೆ ತಿರ್ಗಿ ಬಪ್ಪು ಮನ್ಸಿಲ್ಲೆ. ನೀ ಕರಿತಿ ಅಂದೇಳಿ ಬತ್ತ."

ಮನೆಗೆ ಬಂದ ಮೇಲೆ ಇವರು ಕಣ್ಣರಳಿಸಿ ಕೇಳಿದರು: "ಎಂತ ಹೇಳ್ತ್?"

"ಎಂತದೂ ಹೇಳಲಿಲ್ಲೆ. ಗಂಧ ಕೊಟ್ಟ್ ಕಳ್ಸ್ತ್."

ಸುಳ್ಳು ಹೇಳಿದ್ದು ಸಂಕಟಕ್ಕೆ. ಮೂವತ್ತೆರಡು ವರ್ಷ ಬೇಯಿಸಿ ಹಾಕಿದ್ದೇನೆ, ಜ್ವರ ಬಂದರೆ ತಲೆಗೆ ಪಟ್ಟಿ ಹಾಕಿದ್ದೇನೆ, ಈ ಮನುಷ್ಯನಿಗೆ ನನ್ನ ಹತ್ತಿರ ಬರಲು ಮನಸ್ಸಿಲ್ಲವೇ? ದೈವದ ಮೇಲೂ ಸಿಟ್ಟು ಬಂತು. ಇವರು ದೋಣಿಯ ಕಡೆ ನಡೆದರು. ಆ ಬೆನ್ನು ನೋಡಿ ನನಗೆ ಅಳು ಬಂತು. ಆದರೂ ನಿಜ ಹೇಳಲಿಲ್ಲ.

ಅದೇ ವರ್ಷದ ಮಳೆಗಾಲದಲ್ಲಿ ಇವರಿಗೆ ಎದೆನೋವು ಬಂತು. ಕುಂದಾಪುರದ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಇನ್ನು ಉಪವಾಸ, ಆವೇಶ ಯಾವುದೂ ಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಕುಟುಂಬದವರು ಕೂಡಿ, ದೈವದ ಅಪ್ಪಣೆ ಕೇಳಿ, ಇವರ ಅಣ್ಣನ ಮಗ ಅಜಿತನನ್ನು ಪಾತ್ರಿಯಾಗಿ ನಿಲ್ಲಿಸಿದರು. ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವ ಹುಡುಗ, ಸಾಧು. ಊರವರು ಇವರನ್ನು ಸಮಾಧಾನ ಮಾಡಿದರು: "ಪ್ರೇಮಾನಂದ ಪಾತ್ರಿಗಳೇ, ಇನ್ನ್ ಮೇಲೆ ನೀವೂ ದೈವದ ಮಾತ್ ಕೇಂಬುಕಾತ್ತಲೆ!"

ಆ ಮಾತು ಇವರಿಗೆ ಹಿಡಿಸಿತು. ಈ ಸುಗ್ಗಿಯಲ್ಲಿ ಶರಟಿಗೆ ತಾವೇ ಇಸ್ತ್ರಿ ಹಾಕಿಕೊಂಡರು. ಜೀವಮಾನದಲ್ಲಿ ಮೊದಲ ಸಲ ಊರವರ ಸಾಲಿನಲ್ಲಿ ನಿಂತರು. ಡೋಲು ಬಿದ್ದಾಗ ಅವರ ಬೆರಳುಗಳು ಅದುರಿದವು, ನಾನು ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡೆ. ಅದುರುವುದು ನಿಂತಿತು. ಎದುರಿಗೆ ಅಜಿತನ ಮೈ ನಡುಗಿತು. ದೈವ ಸಾಲು ಹಿಡಿದು ಬಂತು, ಇವರ ಅಂಗೈಗೆ ಗಂಧ ಹಾಕಿತು. "ಹಳೇ ಪಾತ್ರಿ, ಸುಖದಗೆ ಇರ್," ಎಂದು ಪಕ್ಕದವರ ಹತ್ತಿರ ಹೋಯಿತು. ಇವರು ಅಂಗೈ ಚಾಚಿಕೊಂಡೇ ನಿಂತಿದ್ದರು.

ಸಂಜೆ ಚಪ್ಪರದಡಿ ಚಾ ಕೊಟ್ಟಾಗ ಕುಡಿಯದೆ ಲೋಟ ಪಕ್ಕಕ್ಕಿಟ್ಟರು.

"ಅದ್ ಅಜಿತನ ಬಾಯಿ," ಎಂದರು. "ದೈವ ಅದೇ, ನಂಗೊತ್ತಿತ್ತ್. ಆರೆ ನನ್ ಬಾಯಿಂದ ಬತ್ತಿದ್ದ್ ದನಿ ಇನ್ನ್ ಎಲ್ಲೂ ಇಲ್ಲೆ. ನಿನ್ ಕಿವಿಯಗೆ ಮಾತ್ರ ಇತ್ತ್. ನೀ ಕಥಿಯಗೆ ಎಲ್ರ ದನಿಯೂ ತೆಗಿತ್ಯಲೆ, ಅದೊಂದ್ ತೆಗಿ ಮಾರಾಯ್ತಿ."

ದೈವದ ದನಿಯನ್ನು ಹೆಂಗಸು ಅಣಕಿಸುವುದೇ? ಯಾರಾದರೂ ಕೇಳಿಸಿಕೊಂಡರೆ ನಾಳೆಯೇ ತಪ್ಪುಕಾಣಿಕೆ ಕಟ್ಟಿಸುತ್ತಾರೆ. ಆದರೆ ಆ ಕಣ್ಣುಗಳನ್ನು ನೋಡಿದ ಮೇಲೆ ಇಲ್ಲ ಎನ್ನುವ ಧೈರ್ಯ ನನಗೆ ಬರಲಿಲ್ಲ. ಮೊಬೈಲಿನಲ್ಲಿ ಹಿಡಿಯಲೊಪ್ಪದೆ ಆ ದನಿಯನ್ನು ಕಳೆದವಳು ನಾನೇ. ಕೈಕಾಲು ತೊಳೆದು ಬಂದು ಎದುರು ಕೂತೆ. ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ದನಿ ತಗ್ಗಿಸಿ, ಒಂದೊಂದು ಮಾತನ್ನೂ ಉಸಿರಿನಲ್ಲಿ ಎಳೆದು, ಹೋದ ವರ್ಷ ಅವರ ಬಾಯಿ ನನಗೆ ಹೇಳಿದ್ದನ್ನೇ ಹೇಳಿದೆ.

ಹೇಳಿ ಮುಗಿಸಿ ತಲೆಯೆತ್ತಲಿಲ್ಲ. ಒಂದು ವರ್ಷ ಮುಚ್ಚಿಟ್ಟದ್ದಕ್ಕೆ ಬೈಯಲಿ ಎಂದು ಕಾದೆ.

"ನೀ ಕರದ್ದಾ?" ಎಂದರು. ದನಿ ಮೆತ್ತಗಿತ್ತು. "ನೀ ಕರ್ದದ್ದ್ ಯಾರೂ ಕೇಂಡದ್ದಿಲ್ಲೆ ಅಲ್ದಾ?"

"ಬಾಯಿ ಬಿಟ್ಟ್ ಕರಿಲಿಲ್ಲೆ. ಒಳಗೊಳಗೇ."

"ಎಂತ ಅಂದೇಳಿ ಕರ್ದೆ?"

ಐವತ್ತಾರನೇ ವಯಸ್ಸಿನಲ್ಲಿ ನನಗೆ ನಾಚಿಕೆಯಾಯಿತು. ನಮ್ಮ ಮನೆಗಳಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದುಂಟೇ? ಅಷ್ಟು ವರ್ಷವೂ ನನಗೆ ಅವರು 'ಹ್ವಾಯ್'. ಆದರೆ ಹ್ವಾಯ್ ಎಂದು ದಾರಿಹೋಕರನ್ನೂ ಕರೆಯಬಹುದು. ಅಷ್ಟು ದೂರ ಹೋದವರಿಗೆ ಅದು ಕೇಳಿಸದಿದ್ದರೆ ಎಂಬ ಹೆದರಿಕೆಗೆ, ಆ ಅರ್ಧ ನಿಮಿಷ ಮಾತ್ರ, ಮನಸ್ಸಿನೊಳಗೆ ನಾನು ಹೆಸರು ಹಿಡಿದು ಕರೆಯುತ್ತಿದ್ದೆ.

"ಹೇಳ್," ಎಂದರು. "ಅದ್ನೂ ಕೇಂಬುಕಿತ್ತ್ ನಂಗೆ."

ಸೆರಗಿನಲ್ಲಿ ಮುಖ ಒರೆಸಿಕೊಂಡೆ.

"ಪ್ರೇಮಾನಂದಾ," ಎಂದೆ.

"ಓ," ಎಂದರು.